ಮುರಿದ ಸಾಲು, ಮಡಚಿದ ಸಾಲು

"ಅಪ್ಪಾ, ಅಜ್ಜಿ ಪದ್ಯ ಬರೀತಿದ್ರಾ?"

ಕಳೆದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದಿದ್ದ ಮಗಳು, ಸೋಫಾದ ಮೂಲೆಯಲ್ಲಿ ಫೋನು ಹಿಡಿದು ಕೂತವಳು, ಇದ್ದಕ್ಕಿದ್ದಂತೆ ಹೀಗೆ ಕೇಳಿದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಮಿಶಿಗನ್ನಿನಲ್ಲಿ. ಚಿಕ್ಕವಳಿದ್ದಾಗ ಕನ್ನಡ ಕೂಟದವರು ಭಾನುವಾರ ನಡೆಸುತ್ತಿದ್ದ ತರಗತಿಯಲ್ಲಿ ಕಲಿತ ಅಕ್ಷರಗಳನ್ನು ಹೇಗೋ ಉಳಿಸಿಕೊಂಡಿದ್ದಾಳೆ. ಒತ್ತಕ್ಷರ ಬಂದಲ್ಲಿ ತುಸು ನಿಂತು, ತುಟಿ ಆಡಿಸಿಕೊಂಡು ಓದುತ್ತಾಳೆ. ಆವತ್ತು ಓದುತ್ತಿದ್ದದ್ದು ನನ್ನ ಅಮ್ಮನ ಪತ್ರಗಳನ್ನು. 1988ರಲ್ಲಿ ನಾನು ಎಂ.ಎಸ್. ಓದಲು ಇಲ್ಲಿಗೆ ಬಂದಾಗಿನಿಂದ 2002ರವರೆಗೆ ಅಮ್ಮ ಸಾಗರದಿಂದ ಬರೆದ 118 ಪತ್ರಗಳನ್ನು ನಾನು ಕಂಪ್ಯೂಟರಿಗೆ ಟೈಪು ಮಾಡಿ ಇಟ್ಟಿದ್ದೆ. ಮಗಳು ಕೇಳಿದಳೆಂದು ಕಡತಗಳನ್ನೆಲ್ಲ ಅವಳಿಗೆ ಕಳಿಸಿದ್ದೆ.

ಅಮ್ಮ ಏಳನೆಯ ಕ್ಲಾಸು ಓದಿದವಳು. ಹಾಡಿನ ಪುಸ್ತಕದಿಂದ ಹಾಡು ನಕಲು ಮಾಡಿಕೊಂಡದ್ದು ಬಿಟ್ಟರೆ ಪದ್ಯದ ಗೊಡವೆಗೆ ಹೋದವಳಲ್ಲ. ಕುತೂಹಲದಿಂದ ಮಗಳ ಫೋನು ಇಸಕೊಂಡು ನೋಡಿದೆ. ಒಂದು ಸಾಲು ಪರದೆಯ ತುಂಬ. ಅದರ ಕೆಳಗೆ ಎರಡೇ ಪದ. ಮತ್ತೆ ಒಂದು ಉದ್ದದ ಸಾಲು, ಕೆಳಗೆ ಒಂಟಿ ಪದ. ಅಡಿಕೆ ಬಂತು, ಹಸು ಕರು ಹಾಕಿತು, ಗೋಡೆ ಸೋರುತ್ತಿದೆ ಎಂಬ ಸುದ್ದಿಗಳೆಲ್ಲ ಹೀಗೆ ಏರಿಳಿದು, ಯಾವುದೋ ನವ್ಯ ಕವನ ಸಂಕಲನದ ಪುಟದಂತೆ ಕಾಣುತ್ತಿದ್ದವು.

"ಪದ್ಯ ಅಲ್ಲ ಪುಟ್ಟಿ. ಅದು ನನ್ನ ಎಡಿಟರ್ ಮಾಡಿದ ಕೆಲಸ," ಎಂದು ನಕ್ಕೆ.

"ಹಾಗಾದ್ರೆ ಅಜ್ಜಿ ನಿಜವಾಗಿ ಹೇಗೆ ಬರ್ದಿದ್ರು?"

ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಕಂಪ್ಯೂಟರಿನ ಒಡನಾಟ ಇಲ್ಲದ ಓದುಗರಿಗಾಗಿ ನಡೆದದ್ದೇನೆಂದು ಹೇಳುತ್ತೇನೆ. ಬರೆಯುತ್ತ ಹೋದಂತೆ ಪರದೆಯ ಅಂಚು ಬರುತ್ತದೆ. ಅಂಚು ಬಂದಾಗ ಸಾಲು ಕೆಳಗಿಳಿಯಬೇಕು. ಈ ಕೆಲಸವನ್ನು ಎಡಿಟರ್ ಎರಡು ರೀತಿಯಲ್ಲಿ ಮಾಡಬಲ್ಲದು. ಒಂದು, ಬರಹವನ್ನು ಮುಟ್ಟದೆ, ತೋರಿಸುವಾಗ ಮಾತ್ರ ಬಾಗಿಸಿ ತೋರಿಸುವುದು. ಕಿಟಕಿ ಅಗಲ ಮಾಡಿದರೆ ಸಾಲೂ ಅಗಲವಾಗುತ್ತದೆ, ಕಿರಿದು ಮಾಡಿದರೆ ಕಿರಿದಾಗುತ್ತದೆ, ಕಡತದೊಳಗೆ ಏನೂ ಬದಲಾಗುವುದಿಲ್ಲ. ಇನ್ನೊಂದು, ಅಂಚು ಬಂದ ಕಡೆ ಕಡತದೊಳಗೇ ಒಂದು ಸಾಲು-ಮುಗಿಯಿತು ಎಂಬ ಗುರುತನ್ನು ಬರೆದುಬಿಡುವುದು. ಬರೆದವರು ತಾವಾಗಿ ಎಂಟರ್ ಒತ್ತಿದ್ದಕ್ಕೂ ಎಡಿಟರ್ ಒತ್ತಿದ್ದಕ್ಕೂ ಆಮೇಲೆ ವ್ಯತ್ಯಾಸವೇ ತಿಳಿಯದು. ನಮ್ಮ ವೃತ್ತಿಯಲ್ಲಿ ಮೊದಲಿನದನ್ನು ಸಾಫ್ಟ್ ರ‍್ಯಾಪ್, ಎರಡನೆಯದನ್ನು ಹಾರ್ಡ್ ರ‍್ಯಾಪ್ ಎನ್ನುತ್ತಾರೆ. ನಾನು ನನ್ನ ಮಟ್ಟಿಗೆ ಮಡಚಿದ ಸಾಲು, ಮುರಿದ ಸಾಲು ಎಂದುಕೊಳ್ಳುತ್ತೇನೆ. ಮಡಚಿಟ್ಟ ಸೀರೆಯನ್ನು ಬಿಡಿಸಿ ಉಡಬಹುದು. ಕತ್ತರಿಸಿದ್ದನ್ನು ಹೊಲಿದರೂ ಗೀಟು ಉಳಿಯುತ್ತದೆ.

ಅಮ್ಮನ ಪತ್ರಗಳನ್ನು ನನ್ನ ಎಡಿಟರ್ ಮುರಿದಿತ್ತು. 72 ಅಂಕಣಕ್ಕೆ ಒಂದರಂತೆ ಮುರಿದ ಸಾಲು ಮಗಳ ಫೋನಿನ ಅಗಲಕ್ಕೆ ಹಿಡಿಸದೆ, ಉಳಿದ ಒಂದೆರಡು ಪದ ಕೆಳಗೆ ಬಿದ್ದು, ಅವಳ ಅಜ್ಜಿ ಕವಯಿತ್ರಿಯಾಗಿದ್ದಳು.

ಎಡಿಟರನ್ನು ದೂರುವ ಹಾಗಿಲ್ಲ. ಹಾಗೆ ಮಾಡು ಎಂದು ಅದಕ್ಕೆ ಹೇಳಿದವನು ನಾನೇ. ಯಾವಾಗ ಹೇಳಿದೆ ಎಂದರೆ 1989ರಲ್ಲಿ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪಕ್ಕದ ಮೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ನನಗೆ ಈಮ್ಯಾಕ್ಸ್ ಕಲಿಸಿದ. ಅದಕ್ಕೊಂದು ಸಂರಚನೆಯ ಕಡತವಿರುತ್ತದೆ, ನಮ್ಮ ಇಷ್ಟಾನಿಷ್ಟಗಳನ್ನೆಲ್ಲ ಅದರಲ್ಲಿ ಬರೆದಿಟ್ಟರೆ ಪ್ರತಿಸಲ ಶುರುವಾಗುವಾಗ ಓದಿಕೊಳ್ಳುತ್ತದೆ. ಆತ ತನ್ನ ಕಡತದಿಂದ ಎರಡು ಸಾಲು ನನಗೆ ನಕಲು ಮಾಡಿಕೊಟ್ಟ. ಸಾದಾ ಪಠ್ಯ ಯಾವುದು ತೆರೆದರೂ ‘ಆಟೋ ಫಿಲ್’ ಚಾಲೂ ಆಗಲಿ ಎಂಬುದು ಒಂದು, ಅದರ ಅಗಲ 72 ಇರಲಿ ಎಂಬುದು ಇನ್ನೊಂದು. ಆ ಕಾಲಕ್ಕೆ ಅದು ಮರ್ಯಾದೆಯ ವಿಷಯ. ಐಬಿಎಂ 1928ರಲ್ಲಿ ತಂದ ತೂತು ಕಾರ್ಡಿನಲ್ಲಿ 80 ಅಂಕಣ ಇತ್ತು. ಐವತ್ತು ವರ್ಷ ಕಳೆದು, 1978ರಲ್ಲಿ ಬಂದ ವಿಟಿ-100 ಎಂಬ ಹೆಸರಾಂತ ಟರ್ಮಿನಲ್ಲಿನ ಪರದೆಯಲ್ಲೂ 80 ಅಂಕಣವೇ. ಅದಕ್ಕಿಂತ ಉದ್ದದ ಸಾಲಿನ ಈಮೇಲು ಕಳಿಸಿದರೆ ಓದುವವರ ಪರದೆಯಲ್ಲಿ ಅದು ಎಲ್ಲೆಂದರಲ್ಲಿ ತುಂಡಾಗುತ್ತಿತ್ತು. ಉತ್ತರ ಬರೆಯುವವರು ನಮ್ಮ ಸಾಲಿನ ಮುಂದೆ ಒಂದೆರಡು ಗುರುತು ಹಾಕಿಕೊಳ್ಳಲೂ ಜಾಗ ಬೇಕು. ಅದಕ್ಕೇ 72. ಇನ್ನೊಬ್ಬರ ಕಣ್ಣಿಗೆ ತೊಂದರೆಯಾಗದಿರಲಿ ಎಂಬ ಸೌಜನ್ಯದಿಂದ ಹುಟ್ಟಿದ ನಿಯಮ ಅದು. ಆ ಎರಡು ಸಾಲು ನಾನು ಮೂರು ಕೆಲಸ ಬದಲಿಸಿದರೂ, ಎಷ್ಟೋ ಕಂಪ್ಯೂಟರು ಬದಲಿಸಿದರೂ ನನ್ನ ಜೊತೆಗೇ ಬಂದವು. ವಿಟಿ-100 ಮ್ಯೂಸಿಯಂ ಸೇರಿತು. ಅದಕ್ಕೆ ಮರ್ಯಾದೆ ಕೊಡುವುದನ್ನು ನನ್ನ ಎಡಿಟರ್ ಬಿಡಲಿಲ್ಲ.

ಒಮ್ಮೆ ಕೊಟ್ಟು ಮರೆತ ಅಪ್ಪಣೆಯ ವಿಷಯ ಯೋಚಿಸಿದಷ್ಟೂ ವಿಚಿತ್ರವಾಗಿ ಕಾಣುತ್ತದೆ. ಎದುರಿಗಿರುವ ಕೆಲಸವನ್ನು ನೋಡಿ, ಯೋಚಿಸಿ, ಹೀಗೆ ಮಾಡೋಣ ಎನ್ನುವುದು ಒಂದು. ಮುಂದೆ ಬರಲಿರುವ, ಇನ್ನೂ ಕಣ್ಣಿಗೆ ಬೀಳದ ಎಲ್ಲ ಕೆಲಸಕ್ಕೂ ಸೇರಿಸಿ ಇವತ್ತೇ ತೀರ್ಪು ಕೊಟ್ಟಿಡುವುದು ಬೇರೆ. 1989ರಲ್ಲಿ ನಾನು ತೀರ್ಪು ಕೊಟ್ಟಾಗ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಯೋಚನೆಯೇ ನನಗಿರಲಿಲ್ಲ. ಅಮ್ಮನ ಪತ್ರ ಬಂದದ್ದನ್ನು ಓದಿ ಡ್ರಾಯರಿಗೆ ಹಾಕುತ್ತಿದ್ದೆ. ಅವುಗಳ ಮೇಲೂ ಆ ತೀರ್ಪು ಇಪ್ಪತ್ತೇಳು ವರ್ಷಗಳ ನಂತರ ಜಾರಿಯಾಗಲಿದೆ ಎಂದು ಯಾರಿಗೆ ಗೊತ್ತಿತ್ತು?

ಅಮ್ಮ ತೀರಿಕೊಂಡದ್ದು 2009ರಲ್ಲಿ. ಪತ್ರಗಳನ್ನು ಟೈಪು ಮಾಡಲು ಕೂತದ್ದು 2016ರ ಚಳಿಗಾಲದಲ್ಲಿ. ಈಮ್ಯಾಕ್ಸಿನಲ್ಲೇ ಕನ್ನಡ ಬರೆಯುವ ಕೀಲಿಮಣೆ ವಿಧಾನ ಇದೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ. ಹೊರಗೆ ಹಿಮ, ಒಳಗೆ ಹೀಟರಿನ ಸದ್ದು, ಮೇಜಿನ ಮೇಲೆ ಅಮ್ಮನ ತಿಳಿನೀಲಿ ಏರೋಗ್ರಾಮುಗಳ ಕಟ್ಟು.

ಅಮ್ಮನ ಬರವಣಿಗೆ ನೋಡಿದವರಿಗೆ ಗೊತ್ತು. ಮೇಲೆ ನಡುವೆ ‘ಶ್ರೀ’. ಎಡಕ್ಕೆ ‘ಕ್ಷೇಮ’. ಬಲಕ್ಕೆ ‘ಸಾಗರ’ ಮತ್ತು ತಾರೀಖು. ಆಮೇಲೆ ಚಿರಂಜೀವಿಗೆ ಆಶೀರ್ವಾದ, ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಂದ ಮುಂದೆ ಪೂರ್ಣವಿರಾಮವೆಂಬುದಿಲ್ಲ. ಮಾತು ಮುಗಿದ ಕಡೆ ಒಂದು ಬೆರಳಗಲ ಜಾಗ ಬಿಡುತ್ತಿದ್ದಳು, ಕೆಲವು ಸಲ ಸಾಲನ್ನೇ ಬಿಟ್ಟು ಕೆಳಗಿಳಿಯುತ್ತಿದ್ದಳು. ಬಲ ಅಂಚಿಗೆ ಬಂದಾಗ ಪದ ಮುಗಿಯದಿದ್ದರೆ ಅಲ್ಲೇ ಮುರಿದು ಮುಂದಿನ ಸಾಲಿಗೆ ಹೋಗುತ್ತಿದ್ದಳು. ನಡುವೆ ಗೆರೆ ಗಿರೆ ಏನಿಲ್ಲ. ‘ಬರೆ’ ಮೇಲೆ, ‘ಯುತ್ತೇನೆ’ ಕೆಳಗೆ. ಕನ್ನಡದಲ್ಲಿ ಅಕ್ಷರವನ್ನು ಒಡೆಯುವಂತಿಲ್ಲ, ಒತ್ತನ್ನು ಅದರ ತಲೆಯಿಂದ ಬೇರೆ ಮಾಡುವಂತಿಲ್ಲ. ಪದವನ್ನು ಒಡೆದರೆ ಯಾರೂ ಏನೂ ಅನ್ನುವುದಿಲ್ಲ. ಜಾಗ ಮುಗಿದಾಗ ಕಾಗದವನ್ನು ತಿರುಗಿಸಿಕೊಂಡು ಅಂಚಿನಲ್ಲಿ ಅಡ್ಡಡ್ಡ ಬರೆಯುತ್ತಿದ್ದಳು. ಎಷ್ಟೋ ಸಲ ಮುಖ್ಯ ಸುದ್ದಿ ಇರುತ್ತಿದ್ದದ್ದು ಆ ಅಂಚಿನಲ್ಲೇ.

ಮೊದಲ ಎರಡು ಪತ್ರಗಳನ್ನು ಅವಳು ಬರೆದ ಹಾಗೆಯೇ ಟೈಪು ಮಾಡಿದೆ. ಅವಳ ಸಾಲು ಮುಗಿದ ಕಡೆ ಎಂಟರ್ ಒತ್ತಿದೆ, ಬೆರಳಗಲದ ಜಾಗಕ್ಕೆ ಮೂರು ನಾಲ್ಕು ಸಲ ಸ್ಪೇಸ್ ಒತ್ತಿದೆ. ಆದರೆ ಪ್ಯಾರಾ ಮುಗಿದ ಕೂಡಲೇ ನನ್ನ ಬೆರಳುಗಳು ತಾವಾಗಿಯೇ ಇನ್ನೊಂದು ಕೆಲಸ ಮಾಡಿದವು. ಮೆಟಾ ಮತ್ತು ಕ್ಯೂ, ಈ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಈಮ್ಯಾಕ್ಸ್ ಇಡೀ ಪ್ಯಾರಾವನ್ನು ಕೂಡಿಸಿ, 72ರ ಅಳತೆಗೆ ಮತ್ತೆ ಮುರಿದು ಒಪ್ಪ ಮಾಡುತ್ತದೆ. ಸಾಲದ್ದಕ್ಕೆ, ಪದಗಳ ನಡುವೆ ಹೆಚ್ಚಿಗೆ ಇರುವ ಜಾಗವನ್ನೆಲ್ಲ ಒಂದೇ ಸ್ಪೇಸಿಗೆ ಇಳಿಸುತ್ತದೆ. ಇಪ್ಪತ್ತೇಳು ವರ್ಷ ಪ್ರತಿ ಪ್ಯಾರಾ ಮುಗಿದಾಗಲೂ ಒತ್ತಿದ ಕೀಲಿ. ಊಟ ಮುಗಿದ ಮೇಲೆ ಕೈ ತೊಳೆಯುವವನು ಯೋಚಿಸಿ ಏಳುತ್ತಾನೆಯೇ? ‘ಶ್ರೀ ಕ್ಷೇಮ ಸಾಗರ 12-6-89 ಚಿರಂಜೀವಿಗೆ ಅಮ್ಮ ಮಾಡುವ ಆಶೀರ್ವಾದಗಳು’ ಎಂದು ಎಲ್ಲವೂ ಒಂದೇ ಸಾಲಿಗೆ ಬಂದು ಕೂತವು. ‘ಬರೆ ಯುತ್ತೇನೆ’ ಎಂದು ನಡುವೆ ಸ್ಪೇಸ್ ಸಿಕ್ಕಿಕೊಂಡಿತು. ಅದನ್ನು ಒಂದೊಂದಾಗಿ ತೆಗೆಯುವುದು ಬೇಸರವಾಗಿ, ಮೂರನೆಯ ಪತ್ರದಿಂದ ಅವಳ ಸಾಲುಗಳನ್ನು ನೋಡುವುದನ್ನೇ ಬಿಟ್ಟೆ. ಪದ ನೋಡಿ ಪದ ಟೈಪು ಮಾಡುತ್ತ ಹೋದೆ. ಸಾಲು ಎಲ್ಲಿ ಮುಗಿಯಬೇಕೆಂಬುದನ್ನು ಎಡಿಟರ್ ನೋಡಿಕೊಂಡಿತು. ಯಾವುದೋ ಪತ್ರದಲ್ಲಿ ಒಂದರ ಕೆಳಗೊಂದು ಬರೆದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಸಾಮಾನಿನ ಪಟ್ಟಿಯೂ ಕಲಸಿ, ಅರಿಶಿನ ಎಷ್ಟು ಸಾಸಿವೆ ಎಷ್ಟು ಎಂದು ತಿಳಿಯದೆ ಹೆಂಡತಿಯ ಕೈಲಿ ಬೈಸಿಕೊಂಡೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಗೊತ್ತಿಲ್ಲದೆ ಇದು ನಡೆಯಿತು ಎಂದು ಹೇಳುವಂತಿಲ್ಲ. ನಡೆಯುವುದನ್ನು ಕಣ್ಣಾರೆ ನೋಡಿದ್ದೇನೆ. ನೋಡಿ, ಚೆನ್ನಾಗಿ ಕಾಣುತ್ತಿದೆ ಎಂದುಕೊಂಡಿದ್ದೇನೆ. ಅಮ್ಮನ ವಕ್ರ ಸಾಲುಗಳು ನೆಟ್ಟಗಾಗಿ, ಎಡ ಅಂಚು ದಾರ ಹಿಡಿದ ಹಾಗೆ ನಿಂತಾಗ, ಅವಳಿಗೆ ಒಳ್ಳೆಯ ಸೀರೆ ಉಡಿಸಿ ನಾಲ್ಕು ಜನರ ಮುಂದೆ ಕೂರಿಸಿದ ಸಂತೋಷ ನನಗಾಗಿತ್ತು. ಪತ್ರಗಳೆಲ್ಲ ಕಂಪ್ಯೂಟರಿಗೆ ಬಂದವಲ್ಲ, ಇನ್ನು ಕಾಗದ ಯಾಕೆ ಎಂದು 2017ರಲ್ಲಿ ಊರಿಗೆ ಹೋದಾಗ ಕಟ್ಟನ್ನು ಅಕ್ಕನ ಕೈಗೆ ಕೊಟ್ಟು ಬಂದೆ.

ಆಫೀಸಿನಲ್ಲಿ ಇದೇ ಕೆಲಸವನ್ನು ಬೇರೆ ಯಾರಾದರೂ ಮಾಡಿದರೆ ನಾನು ಸಿಟ್ಟಾಗುತ್ತೇನೆ ಎಂಬುದು ತಮಾಷೆ. ಪ್ರೋಗ್ರಾಮು ಬರೆಯುವವರು ಬಳಸುವ ‘ಗಿಟ್’ ಎಂಬ ವ್ಯವಸ್ಥೆಯಲ್ಲಿ ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರು ಯಾರು ಎಂದು ತೋರಿಸುವ ಆಜ್ಞೆಯೊಂದಿದೆ, ಅದರ ಹೆಸರೇ ‘ಬ್ಲೇಮ್’. ಒಬ್ಬ ಹೊಸ ಹುಡುಗ ಬಂದು, ಹಳೆಯ ಕಡತವೊಂದರ ಸಾಲುಗಳನ್ನೆಲ್ಲ ತನ್ನ ಎಡಿಟರಿನ ಅಗಲಕ್ಕೆ ಸರಿ ಮಾಡಿ ಒಳಗೆ ಸೇರಿಸಿದ ಎಂದುಕೊಳ್ಳಿ. ಒಂದು ಪದವೂ ಬದಲಾಗಿಲ್ಲ. ಆದರೆ ಮರುದಿನ ಬ್ಲೇಮ್ ಕೇಳಿದರೆ ಅವನು ಮುಟ್ಟಿದ ಸಾಲಿಗೆಲ್ಲ ಅವನದೇ ಹೆಸರು. ಹತ್ತು ವರ್ಷ ಹತ್ತು ಜನ ಯಾವ ಕಷ್ಟಕ್ಕೆ ಯಾವ ಸಾಲು ಬರೆದರು ಎಂಬುದು ಅವನ ಕೆಳಗೆ ಮುಚ್ಚಿಹೋಗುತ್ತದೆ. ಹಿಂದಿನ ಆವೃತ್ತಿಗಳನ್ನು ಕೆದಕಿದರೆ ಸಿಗುತ್ತದೆ, ನಿಜ. ಆದರೆ ಕೆದಕಬೇಕು. ಅಂಥ ಹುಡುಗರನ್ನು ನಾನು ಕರೆದು ಕೂರಿಸಿ ಬುದ್ಧಿ ಹೇಳಿದ್ದೇನೆ. ಅಮ್ಮನ 118 ಪತ್ರಗಳಿಗೆ ಬ್ಲೇಮ್ ಕೇಳಿದರೆ ಯಾರ ಹೆಸರು ಬರುತ್ತದೆ?

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ, ಗದ್ಯದಲ್ಲಿ ಸಾಲಿಗೇನು ಬೆಲೆ ಎಂದು ಮಿತ್ರರೊಬ್ಬರು ಕೇಳಿದರು. ಕಾದಂಬರಿಯ ಎರಡನೆಯ ಮುದ್ರಣದಲ್ಲಿ ಸಾಲುಗಳು ಬೇರೆ ಕಡೆ ಮುರಿದರೆ ಲೇಖಕರು ದೂರು ಕೊಡುವುದಿಲ್ಲ. ಮೊಳೆ ಜೋಡಿಸುವ ಕಾಲದಿಂದಲೂ ಅದು ಮುದ್ರಕನ ವ್ಯವಹಾರ. ಪದ್ಯದಲ್ಲಿ ಸಾಲು ಕವಿಯದ್ದು, ಗದ್ಯದಲ್ಲಿ ಸಾಲು ಕಾಗದದ್ದು. ಒಪ್ಪಂದ ಹಾಗಿದೆ.

ಆದರೆ ಹಿಂದಕ್ಕೆ ಹೋದರೆ ಪದ್ಯಕ್ಕೂ ಆ ಸೌಕರ್ಯ ಇರಲಿಲ್ಲ. ಓಲೆಗರಿಯಲ್ಲಿ ಎಡ ಅಂಚಿನಿಂದ ಬಲ ಅಂಚಿಗೆ, ದಾರ ಪೋಣಿಸುವ ತೂತಿನ ಸುತ್ತ ಚೂರು ಜಾಗ ಬಿಟ್ಟು, ಪದಗಳ ನಡುವೆಯೂ ತೆರಪಿಲ್ಲದೆ ಕೊರೆದುಕೊಂಡು ಹೋಗುತ್ತಿದ್ದರು. ಪದ್ಯದ ಸಾಲು ಗರಿಯ ಸಾಲಿನ ಒಳಗೆ ಎಲ್ಲೋ ಮುಗಿದು ಎಲ್ಲೋ ಶುರುವಾಗುತ್ತಿತ್ತು. ಅಷ್ಟಾದರೂ ಸಾಲು ಕಳೆದುಹೋಗಲಿಲ್ಲ, ಯಾಕೆಂದರೆ ಅದು ಕಾಗದದ ಮೇಲಲ್ಲ, ಮಾತಿನ ಒಳಗೇ ಇತ್ತು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ಅನೇಕರಿಗೆ ನೆನಪಿರಬಹುದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಹೇಗೆ ಒತ್ತಿ ಬರೆದರೂ, ಮೂರು ನಾಲ್ಕು ಮೂರು ನಾಲ್ಕು ಎಂದು ಮಾತ್ರೆ ಎಣಿಸಿದರೆ ಸಾಲು ಮುಗಿದ ಜಾಗ ಸಿಗುತ್ತದೆ. ಎರಡನೆಯ ಅಕ್ಷರದ ಪ್ರಾಸ ಸಾಲು ಶುರುವಾದ ಜಾಗವನ್ನು ಹೇಳುತ್ತದೆ. ಯಾವ ಎಡಿಟರ್ ಹೇಗೆ ಮುರಿದರೂ ಮರಳಿ ಜೋಡಿಸಬಹುದಾದ ಸಾಲು ಅದು.

ವಚನಗಳಿಗೆ ಈ ಕಾವಲು ಇಲ್ಲ. ಮಾತ್ರೆಯ ಲೆಕ್ಕವಿಲ್ಲ, ಕಡ್ಡಾಯದ ಪ್ರಾಸವಿಲ್ಲ. ಇವತ್ತು ನಾವು ಪುಸ್ತಕದಲ್ಲಿ ನೋಡುವ ವಚನದ ಸಾಲುಗಳು ಓಲೆಯಲ್ಲಿ ಇದ್ದವಲ್ಲ, ಸಂಪಾದಕರು ಅರ್ಥ ನೋಡಿ, ಲಯ ಕೇಳಿ ಬಿಡಿಸಿದವು. ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ವಚನಗಳು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂದು ಬಂದಾಗ, ಅವು ಮತ್ತಷ್ಟು ಸಣ್ಣ ಸಾಲುಗಳಾಗಿ, ಕೆಲವು ಕಡೆ ಮೆಟ್ಟಿಲಿಳಿದ ಹಾಗೆ ಒಳಸರಿದು ನಿಂತವು. ಹೊರಗಿನ ಜಗತ್ತು ವಚನವನ್ನು ಕವಿತೆಯೆಂದು ಕಂಡದ್ದರಲ್ಲಿ ಆ ಮುರಿತಗಳ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಮುರಿಯುವುದೆಲ್ಲ ಕೆಡಿಸುವುದಲ್ಲ. ಅಲ್ಲಿ ಮುರಿದವರು ಪ್ರತಿ ಸಾಲಿನ ಮುಂದೆ ಕೂತು, ಇಲ್ಲಿ ಉಸಿರು ನಿಲ್ಲುತ್ತದೆಯೇ ಎಂದು ಕೇಳಿಕೊಂಡು ಮುರಿದರು. ನಾನು ಕೇಳಿಕೊಳ್ಳಲಿಲ್ಲ, ನನ್ನ ಪರವಾಗಿ 72 ಎಂಬ ಸಂಖ್ಯೆ ಇತ್ತು. ಆ ಸಂಖ್ಯೆಯಾದರೂ ಇಂಗ್ಲಿಷಿನ ಲೆಕ್ಕದ್ದು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡಿಗೆ ಆರು ಸಂಕೇತ, ಯುಟಿಎಫ್-8 ಕಡತದಲ್ಲಿ 18 ಬೈಟು.

ಹಾಗಾದರೆ ಪತ್ರ ಯಾವ ಜಾತಿ? ಪದ್ಯವಲ್ಲ. ಆದರೆ ಅಚ್ಚಿಗೆ ಹೋಗುವ ಗದ್ಯವೂ ಅಲ್ಲ. ಕಾದಂಬರಿಯಲ್ಲಿ ಬರೆಯುವವರು ಬೇರೆ, ಮೊಳೆ ಜೋಡಿಸುವವರು ಬೇರೆ. ಪತ್ರದಲ್ಲಿ ಬರೆದವಳೇ ಮೊಳೆ ಜೋಡಿಸಿದವಳೂ ಹೌದು. ಅವಳ ಸಾಲುಗಳಲ್ಲಿ ಹತ್ತಕ್ಕೆ ಒಂಬತ್ತು ಏರೋಗ್ರಾಮಿನ ಅಗಲದಿಂದ ಆದವು, ಅವಕ್ಕೆ ಏನೂ ಅರ್ಥವಿಲ್ಲ. ‘ಬರೆ’ ಮತ್ತು ‘ಯುತ್ತೇನೆ’ ನಡುವಿನ ಮುರಿತವನ್ನು ಭಕ್ತಿಯಿಂದ ಕಾಪಾಡಿದರೆ ಅದು ಅಮ್ಮನ ಪೂಜೆಯಾಗುವುದಿಲ್ಲ, ಅಂಚೆ ಇಲಾಖೆಯ ಪೂಜೆಯಾದೀತು. ಹತ್ತನೆಯದು ಮಾತ್ರ ಅವಳದ್ದು. ಹತ್ತನೆಯದು ಯಾವುದೆಂದು ಅದರ ಮೇಲೆ ಬರೆದಿಲ್ಲ, ಅದೇ ತೊಂದರೆ.

ಈ ತೊಂದರೆಗೆ ಈಮೇಲಿನವರು ಒಂದು ಉಪಾಯ ಹುಡುಕಿದ್ದರು. ‘ಫಾರ್ಮ್ಯಾಟ್ ಫ್ಲೋಡ್’ ಎಂದು ಹೆಸರು, 2004ರಲ್ಲಿ ಅದರ ಪರಿಷ್ಕೃತ ನಿಯಮಾವಳಿ ಬಂತು. ಯಂತ್ರ ಸಾಲು ಮುರಿಯುವಾಗ ಮುರಿದ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಡಬೇಕು. ಅದು ಓದುವವರ ಕಣ್ಣಿಗೆ ಕಾಣುವುದಿಲ್ಲ. ಆದರೆ ಓದುವ ಯಂತ್ರಕ್ಕೆ ಅದು ಹೇಳುತ್ತದೆ: ಇದನ್ನು ಮುರಿದದ್ದು ನಾನು, ಬರೆದವರಲ್ಲ, ನಿನ್ನ ಅಗಲಕ್ಕೆ ಬೇಕಾದಂತೆ ಕೂಡಿಸಿಕೋ. ಸ್ಪೇಸ್ ಇಲ್ಲದೆ ಮುಗಿದ ಸಾಲು ಬರೆದವರದ್ದು, ಅದನ್ನು ಮುಟ್ಟಬೇಡ. ಎಷ್ಟು ಚೊಕ್ಕ ನೋಡಿ. ಇನ್ನೊಬ್ಬರ ಮಾತನ್ನು ಸಾಗಿಸುವವನು, ಇದರಲ್ಲಿ ನನ್ನ ಕೈ ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತಿಟ್ಟು ಒಪ್ಪಿಸುವ ಪ್ರಾಮಾಣಿಕತೆ. ಹೆಚ್ಚಿನ ಈಮೇಲು ತಂತ್ರಾಂಶಗಳು ಅದನ್ನು ಹಚ್ಚಿಕೊಳ್ಳಲಿಲ್ಲ. ನಾನೂ ಹಚ್ಚಿಕೊಂಡಿರಲಿಲ್ಲ.

ಮಗಳ ಪ್ರಶ್ನೆ ಇಷ್ಟು ದಿನ ಕಾಡಲು ಒಂದು ನಿರ್ದಿಷ್ಟ ಪತ್ರ ಕಾರಣ. ಅದನ್ನು ಹೇಳದೆ ಈ ಬರಹ ಮುಗಿಸಿದರೆ ಮೋಸವಾಗುತ್ತದೆ.

1994ರ ಆಗಸ್ಟಿನಲ್ಲಿ ಅಪ್ಪನಿಗೆ ಮಣಿಪಾಲದಲ್ಲಿ ಆಪರೇಷನ್ ಆಗುವುದೆಂದು ಗೊತ್ತಾಯಿತು. ಆಗ ನನ್ನ ಗ್ರೀನ್ ಕಾರ್ಡಿನ ಅರ್ಜಿ ನಡುವಿನಲ್ಲಿತ್ತು. ಮುಂಚೆಯೇ ಅನುಮತಿ ಪತ್ರ ಪಡೆಯದೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ವಕೀಲರು ಹೇಳಿದ್ದರು. ಅನುಮತಿಗೆ ಓಡಾಡಿದ್ದರೆ ಸಿಗುತ್ತಿತ್ತು. ಓಡಾಡಲೋ ಬೇಡವೋ ಎಂಬ ಹೊಯ್ದಾಟದಲ್ಲಿದ್ದಾಗ ಅಮ್ಮನ ಪತ್ರ ಬಂತು. ನನ್ನ ಕಡತದಲ್ಲಿ ಅದರ ನಡುಭಾಗ ಈಗ ಹೀಗಿದೆ: ‘ನೀನು ಬರಲೇಬೇಕು ಅಂತೇನೂ ಇಲ್ಲ ಬಂದರೆ ಅಪ್ಪನಿಗೆ ಸಂತೋಷ ಆಗ್ತದೆ ಟಿಕೆಟ್ಟಿಗೆ ಬಹಳ ಆಗ್ತದಂತೆ ನೋಡಿಕೊಂಡು ಮಾಡು’.

ನಾನು ಹೋಗಲಿಲ್ಲ. ‘ಬರಲೇಬೇಕು ಅಂತೇನೂ ಇಲ್ಲ’ ಎಂಬಲ್ಲಿಗೆ ನನ್ನ ಓದು ನಿಂತಿತ್ತು. ಉಳಿದದ್ದನ್ನು, ಪತ್ರ ಬರೆಯುವವರು ಬರೆಯುವ ಮಾತು ಎಂದು ದಾಟಿ ಹೋಗಿದ್ದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಮರುವರ್ಷ ಏಪ್ರಿಲಿನಲ್ಲಿ ಅಪ್ಪ ಬೇರೆ ಕಾರಣಕ್ಕೆ ತೀರಿಕೊಂಡರು. ನಾನು ಸಾಗರ ಮುಟ್ಟುವಾಗ ನಾಲ್ಕನೆಯ ದಿನ.

ಮಗಳು ಹಾಗೆ ಕೇಳಿದ ರಾತ್ರಿ ಈ ಪತ್ರವನ್ನು ತೆರೆದು ನೋಡಿದೆ. ನನಗೆ ನೆನಪಿದ್ದದ್ದು ಬೇರೆ. ‘ಇಲ್ಲ’ ಆದ ಮೇಲೆ ಜಾಗ ಇತ್ತು. ಬೆರಳಗಲದ್ದಲ್ಲ, ಅರ್ಧ ಸಾಲಿನಷ್ಟು ಖಾಲಿ ಬಿಟ್ಟು ಕೆಳಗಿಳಿದಿದ್ದಳು. ಅಷ್ಟು ದೊಡ್ಡ ಜಾಗ ಬಿಟ್ಟು ಬರೆದ ‘ಬಂದರೆ ಅಪ್ಪನಿಗೆ ಸಂತೋಷ ಆಗ್ತದೆ’ ಎಂಬುದು ಉಪಚಾರದ ಮಾತಲ್ಲ. ಆ ಜಾಗದಲ್ಲಿ ಅವಳು ಪೆನ್ನು ಹಿಡಿದು ಕೂತು ಏನೋ ಯೋಚಿಸಿರಬೇಕು. ಅಥವಾ ಆ ಜಾಗವನ್ನು ಈಗ ನಾನೇ ಹುಟ್ಟಿಸಿಕೊಳ್ಳುತ್ತಿದ್ದೇನೆಯೇ? ತಪ್ಪು ಮಾಡಿದವರ ನೆನಪು ಸಾಕ್ಷಿ ಹೇಳುವುದರಲ್ಲಿ ಅಷ್ಟು ನಂಬಿಕಸ್ಥನಲ್ಲ. ಕಡತದಲ್ಲಿ ಒಂದೇ ಸ್ಪೇಸ್. ಈಮ್ಯಾಕ್ಸ್ ಹಳೆಯ ಪ್ರತಿಯೊಂದನ್ನು ಹೆಸರಿನ ಕೊನೆಗೆ ಬಾಲ ಹಚ್ಚಿ ಇಟ್ಟುಕೊಳ್ಳುತ್ತದೆ, ಅದನ್ನೂ ಹುಡುಕಿದೆ. ಅದರಲ್ಲೂ ಒಂದೇ ಸ್ಪೇಸ್. ನಾನು ಟೈಪು ಮಾಡಿದ್ದೇ ಹಾಗೆ.

ಮರುದಿನ ಅಕ್ಕನಿಗೆ ಫೋನು ಮಾಡಿದೆ.

"ಯಾವ ಪತ್ರ ಮಾರಾಯ? ಕಟ್ಟು ಕಪಾಟಿನಲ್ಲೇ ಇದೆ. ಆದರೆ ಮಳೆಗಾಲಕ್ಕೆ ಎಲ್ಲ ಅಂಟಿಕೊಂಡು ಕೂತಿದೆ ಕಣೋ."

ಏರೋಗ್ರಾಮಿನ ಅಂಚಿಗೆ ಗೋಂದು ಹಚ್ಚಿರುತ್ತದೆ. ಸಾಗರದ ಮಳೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರು. ನಾನು ಒಡೆದು ಓದಿದ್ದ ಪತ್ರಗಳು ಮತ್ತೆ ತಾವಾಗಿ ಮುಚ್ಚಿಕೊಂಡಿದ್ದವು. ಮಿಶಿಗನ್ನಿನ ಒಣ ಹವೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಗರಿಗರಿಯಾಗಿದ್ದವನ್ನು ಅಲ್ಲಿಗೆ ಒಯ್ದು ಕೊಟ್ಟವನು ನಾನೇ.

ಅಕ್ಕ ತಾಳ್ಮೆಯವಳು. ಬಾಳೆಎಲೆ ಬಿಡಿಸುವ ಹಾಗೆ ಒಂದೊಂದಾಗಿ ಬಿಡಿಸುತ್ತ ಹೋಗಿ, ಎರಡು ವಾರದ ನಂತರ ನನಗೆ ಬೇಕಾದದ್ದು ಸಿಕ್ಕಿತೆಂದು ಫೋಟೋ ಕಳಿಸಿದಳು. ಒಂದು ಮೂಲೆ ಹರಿದಿತ್ತು. ಉಳಿದದ್ದು ಓದುವಂತಿತ್ತು.

ಜಾಗ ಇತ್ತು. ‘ಇಲ್ಲ’ ಆದ ಮೇಲೆ ಅರ್ಧಕ್ಕೂ ಹೆಚ್ಚು ಸಾಲು ಖಾಲಿ. ಆದರೆ ಅದು ಕಾಗದದ ಒಂದು ಮಡಿಕೆಯ ಕೊನೆಯ ಸಾಲು. ‘ಬಂದರೆ’ ಶುರುವಾಗುವುದು ಮುಂದಿನ ಮಡಿಕೆಯಲ್ಲಿ. ಮಡಿಕೆ ಮುಗಿಯಿತೆಂದು ಅಲ್ಲಿಗೇ ಬಿಟ್ಟು ಮೇಲೆ ಹೋದಳೋ? ಬಿಡಿಸಿದ ಹನ್ನೊಂದು ಪತ್ರಗಳ ಫೋಟೋ ತರಿಸಿ ನೋಡಿದೆ. ಮೂರರಲ್ಲಿ ಅವಳು ಮಡಿಕೆಯ ಕೊನೆಯ ಸಾಲನ್ನು ಹೀಗೆ ಅರ್ಧಕ್ಕೆ ಬಿಟ್ಟಿದ್ದಾಳೆ. ಎಂಟರಲ್ಲಿ ಅಂಚಿನವರೆಗೂ ಬರೆದು, ಪದ ಮುರಿದು, ಮಡಿಕೆ ದಾಟಿದ್ದಾಳೆ. ಸಾಕ್ಷಿ ಎರಡೂ ಕಡೆಗೆ ಇದೆ.

ಇನ್ನೊಂದು ಸಂಗತಿ ನಾನು 2016ರಲ್ಲಿ ಟೈಪು ಮಾಡುವಾಗಲೂ ಗಮನಿಸಿರಲಿಲ್ಲ, 1994ರಲ್ಲೂ ಗಮನಿಸಿರಲಿಲ್ಲ. ‘ಇಲ್ಲ’ದವರೆಗೆ ನೀಲಿ ಶಾಯಿ. ‘ಬಂದರೆ’ಯಿಂದ ಕಪ್ಪು. ಅಕ್ಷರವೂ ಚೂರು ದೊಡ್ಡದು.

"ರೀಫಿಲ್ ಖಾಲಿಯಾಗಿರಬೇಕು," ಎಂದಳು ಅಕ್ಕ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಾ ಮರುದಿನ ಬರೆದಿರಬೇಕು. ನನಗೆ ನೆನಪಿಲ್ಲ ಕಣೋ. ಆಗ ನಾನು ಅಪ್ಪನ ಜೊತೆ ಮಣಿಪಾಲದಲ್ಲಿದ್ದೆನಲ್ಲ," ಎಂದಳು.

ಅಮ್ಮನ ಪತ್ರಗಳಿರುವ ಫೋಲ್ಡರಿನಲ್ಲಿ ಈಗ ಒಂದು ಪುಟ್ಟ ಸಂರಚನೆಯ ಕಡತ ಇಟ್ಟಿದ್ದೇನೆ. ಆ ಫೋಲ್ಡರಿನ ಒಳಗೆ ಆಟೋ ಫಿಲ್ ಬಂದ್. ಉದ್ದದ ಸಾಲನ್ನು ಕಿಟಕಿಯ ಅಗಲಕ್ಕೆ ಮಡಚಿ ತೋರಿಸು, ಮುರಿಯಬೇಡ. ಮೆಟಾ-ಕ್ಯೂ ಒತ್ತಿದರೆ ಏನೂ ಆಗುವುದಿಲ್ಲ. ಬೆರಳುಗಳು ಈಗಲೂ ಒತ್ತುತ್ತವೆ, ಒತ್ತಿ ಪೆಚ್ಚಾಗುತ್ತವೆ. ಫೋಟೋ ಬಂದ ಹನ್ನೊಂದು ಪತ್ರಗಳನ್ನು ಮತ್ತೆ ಟೈಪು ಮಾಡಿದ್ದೇನೆ. ಕಾಗದದ ಅಂಚಿಗೆ ಮುರಿದದ್ದೆಂದು ಖಚಿತವಾಗಿ ಕಾಣುವ ಸಾಲುಗಳನ್ನು ಕೂಡಿಸಿದ್ದೇನೆ, ಪ್ರತಿಯೊಂದನ್ನೂ ನೋಡಿ ಕೂಡಿಸಿದ್ದೇನೆ. ಸಂಶಯ ಬಂದ ಕಡೆಯೆಲ್ಲ ಅವಳು ಬಿಟ್ಟ ಹಾಗೆಯೇ ಬಿಟ್ಟಿದ್ದೇನೆ. 1994ರ ಪತ್ರದಲ್ಲಿ ‘ಇಲ್ಲ’ ಆದ ಮೇಲೆ ಸಾಲು ಮುಗಿಸಿದೆ. ಕೆಳಗೆ ಒಂದು ಟಿಪ್ಪಣಿ: ಇಲ್ಲಿ ಮಡಿಕೆ, ಇಲ್ಲಿಂದ ಕಪ್ಪು ಶಾಯಿ. ಹೊಸ ಕಡತ ಮಗಳಿಗೆ ಕಳಿಸಿದೆ. ಈ ಸಲ ಅವಳು ಪದ್ಯವೇ ಎಂದು ಕೇಳಲಿಲ್ಲ. ಅದೊಂದು ಪತ್ರವನ್ನು ಫೋನಿನಲ್ಲೇ ನನಗೆ ಓದಿ ಹೇಳಿದಳು, ತನ್ನ ನಿಧಾನದ ಓದಿನಲ್ಲಿ. ‘ಇಲ್ಲ’ ಎಂದು ನಿಂತು, ಪರದೆಯ ಮೇಲೆ ಮುಂದಿನ ಸಾಲು ಹುಡುಕಿ, ‘ಬಂದರೆ’ ಎಂದು ಶುರು ಮಾಡಿದಳು.

ಕಳೆದ ವಾರ ಅಕ್ಕ ಮತ್ತೆ ಫೋನು ಮಾಡಿದ್ದಳು. ಇನ್ನೂ ನಲವತ್ತರಷ್ಟು ಪತ್ರಗಳು ಬಿಡುತ್ತಿಲ್ಲವಂತೆ.

"ಬೇಸಿಗೆ ಬರಲಿ, ಅಂಗಳದಲ್ಲಿ ಬಿಸಿಲಿಗೆ ಇಟ್ಟು ನೋಡ್ತೇನೆ."

"ಬಿಸಿಲಿಗೆ ಬೇಡ ಅಕ್ಕ, ಶಾಯಿ ಹಾರಿಹೋಗ್ತದೆ."

"ಹಾಗಾದ್ರೆ ನೀನೇ ಬಂದು ಬಿಡಿಸು ಮಾರಾಯ."

ಮೇ ತಿಂಗಳಿಗೆ ಟಿಕೆಟ್ ನೋಡುತ್ತಿದ್ದೇನೆ.